ಸಿದ್ರಾಮನ ಗುಲಾಬಿ ಹ್ಯಾಂಡ್‌ಬಿಲ್

ಹತ್ತು ದಿನಗಳ ಹಿಂದೆ ನನ್ನ ಮಾವನವರಿಂದ ಒಂದು ಕಾರ್ಡು ಬಂತು. ಮಾವನವರು ಎಂದರೆ ಹೆಂಡತಿಯ ತಂದೆ, ನಾಗಣಸೂರಿನಲ್ಲಿ ಹೊಲ ಮಾಡಿಕೊಂಡಿರುವ ಮಲ್ಲಪ್ಪನವರು. ಸ್ವತಃ ಓದು ಬರಹ ಬಾರದು. ಊರಿನ ಸಾಲಿ ಮಾಸ್ತರರ ಕೈಯಿಂದ ಬರೆಸುತ್ತಾರೆ. ವರ್ಷಕ್ಕೆ ಒಂದು ಕಾರ್ಡು ಬಂದರೆ ಹೆಚ್ಚು. ಅದರಲ್ಲೂ ಮಳೆ, ಎತ್ತು, ಮಗಳ ಕ್ಷೇಮ ಇಷ್ಟು ಬಿಟ್ಟರೆ ನಾಲ್ಕನೆಯ ಮಾತು ಇರುವುದಿಲ್ಲ.

ಈ ಸಲದ ಕಾರ್ಡಿನಲ್ಲಿ ಮಳೆ ಇರಲಿಲ್ಲ. ಎತ್ತೂ ಇರಲಿಲ್ಲ.

'ಅಳಿಯಾರಿಗೆ ಶರಣು. ನಮ್ಮ ಸಿದ್ರಾಮನ ನಾಟಕಾ ನೋಡಾಕ ಐದು ಗಾಡಿ ಕಟಗೊಂಡು ಅಕ್ಕಲಕೋಟಕ್ಕ ಬರಾಕತ್ತೀವಿ. ಕೂಡಾಕ ಮುಂದಿನ ಸಾಲು ನಮ್ಮ ಊರಿಗಿ ಹಿಡದ ಇಡ್ರಿ.'

ಓದಿ, ಕಾರ್ಡು ತಿರುಗಿಸಿ ವಿಳಾಸ ನಮ್ಮದೇ ಹೌದೇ ಎಂದು ನೋಡಿದೆ. ಯಾಕೆಂದರೆ ಅಂಥ ನಾಟಕ ಇರಲಿಲ್ಲ. ಅದನ್ನು ಆಡುವ ಕಂಪನಿ ಇರಲಿಲ್ಲ. ಇದ್ದವನು ಸಿದ್ರಾಮ ಒಬ್ಬನೇ. ಮತ್ತು ಈ ಇಲ್ಲದ ನಾಟಕಕ್ಕೆ ಐದು ಗಾಡಿ ಜನ ಹೊರಡುವುದಕ್ಕೆ ಕಾರಣ (ಈಗಲೇ ಒಪ್ಪಿಕೊಂಡುಬಿಡುತ್ತೇನೆ) ನಾನು.

ಸಿದ್ರಾಮ ಯಾರೆಂದು ಹೇಳಬೇಕಲ್ಲ. ನನ್ನ ಹೆಂಡತಿ ಕಾಶೀಬಾಯಿಯ ಒಬ್ಬನೇ ತಮ್ಮ. ಇಪ್ಪತ್ತೆರಡರ ಪ್ರಾಯ. ಇಲ್ಲೇ ಸೊಲ್ಲಾಪುರದ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಕೆಲಸ, ಊಟ ವಸತಿ ನಮ್ಮ ಮನೆಯಲ್ಲಿ. ಕುಡಿತ ಇಲ್ಲ, ಜೂಜು ಇಲ್ಲ, ಎದುರು ಮಾತಂತೂ ಇಲ್ಲವೇ ಇಲ್ಲ. ನಾಟಕದ ಹುಚ್ಚೊಂದು ಇಲ್ಲದಿದ್ದರೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ.

ಆದರೆ ಆ ಹುಚ್ಚು ಸಾಮಾನ್ಯದ್ದೇ? ಎರಡು ವರ್ಷದ ಹಿಂದೆ ಮರಾಠಿ ಕಂಪನಿಯೊಂದು ಊರಲ್ಲಿ ಮೊಕ್ಕಾಂ ಮಾಡಿದಾಗ ಹೇಗೋ ಒಳಗೆ ಸೇರಿಕೊಂಡ. ಭಾಲೆ ಹಿಡಿದು ದರಬಾರಿನ ಬಾಗಿಲಲ್ಲಿ ನಿಲ್ಲುವ ಪಾರ್ಟು. ಒಂದೂ ಮಾತಿಲ್ಲ. ಮೂರನೆಯ ದಿನ ಹೊರಗೆ ಹಾಕಿದರು. ತಪ್ಪೇನು ಗೊತ್ತೇ? ರಾಜ ಮಾತಾಡುವಾಗ ಇವನ ತುಟಿಯೂ ಆಡುತ್ತಿತ್ತು. ರಾಣಿ ಅತ್ತರೆ ಇವನ ಗಲ್ಲವೂ ನಡುಗುತ್ತಿತ್ತು. ಪ್ರೇಕ್ಷಕರು ರಾಜನನ್ನು ಬಿಟ್ಟು ಬಾಗಿಲು ಕಾಯುವವನನ್ನು ನೋಡಿ ನಗತೊಡಗಿದರಂತೆ. ಮ್ಯಾನೇಜರು ಬೈಯಲಿಲ್ಲ. ದನಿ ಚೆನ್ನಾಗಿದೆ, ಆದರೆ ನಿನ್ನ ಮರಾಠಿಗೆ ಜೋಳದ ಹೊಲದ ವಾಸನೆ ಬರುತ್ತದೆ ಎಂದು ಹೇಳಿ ಕಳಿಸಿದ.

(ಅವನೊಬ್ಬನದೇ ಏನು, ನಮ್ಮೆಲ್ಲರ ಮರಾಠಿಗೂ ಅದೇ ವಾಸನೆ. ನಮ್ಮ ಕನ್ನಡಕ್ಕೆ ಮತ್ತೆ ಮರಾಠಿಯ ವಾಸನೆ. ಯಾರ ಮೂಗಿಗೆ ಸಮಾಧಾನ ಮಾಡಬೇಕು ಹೇಳಿ?)

ಆ ದಿನ ಮನೆಗೆ ಬರುವಾಗ ಸ್ಟೇಷನ್ ಮುಂದಿನ ಹಳೆ ಪುಸ್ತಕದವನ ಹತ್ತಿರ ಒಂದು ಮರಾಠಿ ಪುಸ್ತಕ ಕೊಂಡು ತಂದ. ಮುಖಪುಟ ಹರಿದಿದೆ, ಕೊನೆಯ ಹಾಳೆಗಳೂ ಇಲ್ಲ. ಹೀಗಾಗಿ ಪುಸ್ತಕದ ಹೆಸರೂ ತಿಳಿಯದು, ಬರೆದ ಪುಣ್ಯಾತ್ಮ ಯಾರೆಂದೂ ತಿಳಿಯದು. ಒಳಗಿದ್ದದ್ದು ಇಚ್ಛಾಶಕ್ತಿಯ ಪಾಠಗಳು. ಮನಸ್ಸಿನಲ್ಲಿ ಗಟ್ಟಿಯಾಗಿ ಕಂಡದ್ದು ಒಂದಲ್ಲ ಒಂದು ದಿನ ಕಣ್ಣೆದುರಿಗೆ ಬಂದೇ ಬರುತ್ತದಂತೆ. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಕುಳಿತು, ಬೇಕಾದದ್ದು ಆಗಿಯೇ ಹೋಗಿದೆ ಎಂಬಂತೆ ನೋಡಬೇಕಂತೆ. ಹಾಗೆ ಆಗಿಹೋದವನಂತೆಯೇ ನಡೆಯಬೇಕು, ಉಣ್ಣಬೇಕು, ಮಾತಾಡಬೇಕು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತ ಕೇಳಿದೆ: 'ಏನಪಾ, ಇನ್ನೂ ನಟ ಆಗಬೇಕಂತ ಮಾಡೀಯೇನು?'

'ಮಾಮಾ, ಆಗಬೇಕು ಅನ್ನಬಾರ್ದು. ಆಗ್ತೀನಿ ಅಂತನೂ ಅನ್ನಬಾರ್ದು. ಆಗೀನಿ ಅನ್ನಬೇಕು.'

'ಯಾವಾಗ ಆದೀ?'

'ಆಗೀನ್ರಿ.'

ಇಂಥವನ ಜೊತೆ ಏನು ವಾದ ಮಾಡುತ್ತೀರಿ? ನಾನು ಬಾಯಿ ಮುಕ್ಕಳಿಸಿ ಶಾಲೆಗೆ ಹೋದೆ.

ಅಂದಿನಿಂದ ನಮ್ಮ ಮನೆಯೇ ಥೇಟರಾಯಿತು. ಮಿಲ್ಲಿನ ಭೋಂಗಾ ಕೂಗಿದರೆ ಊರಿಗೆಲ್ಲ ಅದು ಪಾಳಿಯ ಕರೆ. ಇವನಿಗೆ ಮಾತ್ರ ಪರದೆ ಏಳುವ ಮೊದಲಿನ ಮೂರನೇ ಗಂಟೆ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, ರಾಜಗಾಂಭೀರ್ಯದಿಂದ ಕೆಲಸಕ್ಕೆ ಹೊರಡುತ್ತಿದ್ದ. ಅಲ್ಲಿ ಮಗ್ಗಗಳ ಖಟಖಟದಲ್ಲಿ ನಿಂತು ತಾನು ನೋಡಿದ ನಾಟಕಗಳ ಮಾತನ್ನೆಲ್ಲ ಗಂಟಲು ಬಿಚ್ಚಿ ಹೇಳುವುದು. ಪಕ್ಕದವನಿಗೂ ಕೇಳಿಸದು. ಅವನ ಮೇಲಿನ ಜಾಬರ್ ಬಂದು ನೋಡಿದರೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಹುಡುಗ ದೈವಭಕ್ತ, ಜಪ ಮಾಡುತ್ತಾನೆ ಎಂದುಕೊಂಡು ಮುಂದೆ ಹೋಗುತ್ತಿದ್ದ. ಮನೆಗೆ ಬಂದರೆ ಅಕ್ಕ ರೊಟ್ಟಿ ಬಡಿಯುವ ಒಲೆಯ ಪಕ್ಕ ಕೂತು ಅದೇ ಮಾತು ಮತ್ತೊಮ್ಮೆ. ಅವಳ ಕೈ ಪಟಪಟ, ಇವನ ಬಾಯಿ ಚಟಪಟ. ನಡುವೆ ನಾನು ಹುಡುಗರ ಕಾಪಿ ತಿದ್ದಬೇಕು.

ಊಟದ ವಿಷಯ ಕೇಳಲೇಬೇಡಿ. ನಟನಾದವನು ದನಿ ಕಾಯ್ದುಕೊಳ್ಳಬೇಕಲ್ಲ! ಖಾರ ಬಿಟ್ಟ. ಕರಿದದ್ದು ಬಿಟ್ಟ. ಶೇಂಗಾ ಚಟ್ನಿಯನ್ನೂ ಬಿಟ್ಟ! ಸೊಲ್ಲಾಪುರದಲ್ಲಿ ಇದ್ದುಕೊಂಡು ಶೇಂಗಾ ಚಟ್ನಿ ಬಿಟ್ಟವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಶೀಬಾಯಿ ಎಣ್ಣೆ ಬಿಡುವ ತನಕ ಕುಟ್ಟಿ ಮಾಡುವ ಚಟ್ನಿಗೆ ನಮ್ಮ ಓಣಿಯಲ್ಲೆಲ್ಲ ಹೆಸರು. ತಮ್ಮ ಅದನ್ನು ತಟ್ಟೆಯ ಅಂಚಿಗೆ ಸರಿಸಿದ ದಿನ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ನಾನೇನು ಸುಮ್ಮನೆ ಬಿಡಲಿಲ್ಲ. ದಿನಾ ಚುಡಾಯಿಸುತ್ತಿದ್ದೆ. ಇಚ್ಛಾಶಕ್ತಿಯ ವಿಷಯದಲ್ಲಿ ನನಗೂ ಅನುಭವ ಉಂಟು. ತಡವಾಗಿ ಬಂದ ಹುಡುಗರಿಂದ 'ನಾನು ವೇಳೆಗೆ ಸರಿಯಾಗಿ ಬರುತ್ತೇನೆ' ಎಂದು ನೂರು ಸಲ ಬರೆಸಿದ್ದೇನೆ. ಅದನ್ನು ಮನೆಯಲ್ಲಿ ಬರೆದು ಮುಗಿಸುವುದರಲ್ಲಿ ಮರುದಿನವೂ ಅವರಿಗೆ ತಡವಾಗುತ್ತಿತ್ತು.

ಆದರೂ ಪ್ರಾಮಾಣಿಕವಾಗಿ ಹೇಳಿ, ನಮ್ಮಲ್ಲಿ ಯಾರು ಹೀಗೆ ಮಾಡುವುದಿಲ್ಲ? ನಮ್ಮ ಎದುರು ಮನೆಯ ಕಾರಕೂನ ತನ್ನ ಎರಡು ವರ್ಷದ ಮಗನನ್ನು 'ವಕೀಲಸಾಹೇಬ' ಎಂದೇ ಕರೆಯುತ್ತಾನೆ. ಆ ವಕೀಲಸಾಹೇಬರಿಗೆ ಇನ್ನೂ ಚಡ್ಡಿ ನಿಲ್ಲುವುದಿಲ್ಲ. ನಾನೇ ಹತ್ತು ವರ್ಷದಿಂದ 'ಒಂದು ನಾಟಕ ಬರೆಯುತ್ತಿದ್ದೇನೆ' ಎಂದು ಕಂಡಕಂಡವರಿಗೆ ಹೇಳುತ್ತ ಬಂದಿಲ್ಲವೇ? (ಒಂದು ಪುಟವೂ ಬರೆದಿಲ್ಲ. ಇದನ್ನೂ ಈಗಲೇ ಒಪ್ಪಿಕೊಳ್ಳುತ್ತೇನೆ.)

ಮಾವನವರಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಇದ್ದೊಬ್ಬ ಮಗ ಹೊಲ ಬಿಟ್ಟು ಮಿಲ್ಲಿಗೆ ಹೋದದ್ದನ್ನೇ ಅವರು ಕಷ್ಟದಿಂದ ನುಂಗಿಕೊಂಡಿದ್ದರು. ಇನ್ನು ಮೋರೆಗೆ ಬಣ್ಣ ಬಳಿದುಕೊಳ್ಳುತ್ತಾನೆ ಎಂದ ಮೇಲೆ ಊರಲ್ಲಿ ಅವನ ಹೆಸರು ಎತ್ತುವುದನ್ನೇ ಬಿಟ್ಟರು. ಹೋದ ದೀಪಾವಳಿಗೆ ನಮ್ಮ ಮನೆಗೆ ಬಂದವರು ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು:

'ಯುಗಾದಿ ತನಕಾ ನೋಡ್ತೀನಿ ನೋಡಪಾ. ನಟ ಆದ್ಯೋ, ಆತು. ಇಲ್ಲಂದ್ರ ಗಂಟಮೂಟಿ ಕಟ್ಟು, ಬಂದು ನೇಗಿಲ ಮೇಳಿ ಹಿಡಿ.'

'ಆಗೀನಿ' ಎನ್ನುವ ಧೈರ್ಯ ಆ ದಿನ ಸಿದ್ರಾಮನಿಗೆ ಬರಲಿಲ್ಲ. ಟಾಕಿ ಸಿನಿಮಾ ಬಂದ ಮೇಲೆ ನಾಟಕದ ಕಂಪನಿಗಳೇ ಒಂದೊಂದಾಗಿ ಗಂಟು ಕಟ್ಟುತ್ತಿವೆ. ಭಾಲೆ ಹಿಡಿಯುವ ಪಾರ್ಟೂ ಸಿಗುವ ಕಾಲ ಇದಲ್ಲ. ಯುಗಾದಿಯೊಳಗೆ ಎಲ್ಲಿಂದ ನಟನಾಗಬೇಕು?

ಅವನು ಇನ್ನಷ್ಟು ಬಿಗಿಯಾಗಿ ಪುಸ್ತಕ ಹಿಡಿದ. ಒಂದು ತಿಂಗಳ ಹಿಂದೆ ನಾಲ್ಕನೇ ಪಾಠಕ್ಕೆ ಬಂದ. ಆಗಿಹೋದದ್ದಕ್ಕೆ ಒಂದು ಗುರುತು ಮಾಡಿ, ಎದ್ದ ಕೂಡಲೇ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳಬೇಕು ಎಂಬುದು ನಾಲ್ಕನೇ ಪಾಠ.

'ಮಾಮಾ, ನನ್ನ ಹೆಸರಿಂದೊಂದು ಹ್ಯಾಂಡಬಿಲ್ ಬೇಕ್ರಿ. ಕನ್ನಡಿ ಮ್ಯಾಲ ಹಚ್ಚತೀನಿ. ನೀವಂತೂ ಛಲೋ ಬರೀತೀರಿ.'

ನೀವಂತೂ ಛಲೋ ಬರೀತೀರಿ! ಪ್ರತಿವಾರ ಈ ಅಂಕಣ ಓದುವ ನಿಮಗೆ ಗೊತ್ತು, ಇಷ್ಟು ಹೊಗಳಿಕೆ ಸಿಕ್ಕರೆ ನಾನು ಏನನ್ನಾದರೂ ಬರೆದುಕೊಡುತ್ತೇನೆ. ಅಂದೇ ಕೂತು ಬರೆದೆ. ನಾಟಕದ ಹೆಸರು 'ರಾಜಾ ಧೈರ್ಯಕೇತು'. (ಆ ಹೆಸರು ಆಗಷ್ಟೇ ಹೊಳೆದದ್ದು.) ಮುಖ್ಯ ಪಾತ್ರದಲ್ಲಿ ಅಭಿನಯಕೇಸರಿ ಸಿದ್ರಾಮ ನಾಗಣಸೂರಕರ. ನಾಟಕ ರಚನೆ ಎಂದು ನನ್ನ ಹೆಸರು, ಕೇಸರಿಗಿಂತ ತುಸು ದಪ್ಪ ಅಕ್ಷರದಲ್ಲಿ.

ಅಷ್ಟಕ್ಕೆ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಸ್ಥಳ, ದಿನ, ವೇಳೆ ಇಲ್ಲದ್ದು ಹ್ಯಾಂಡ್‌ಬಿಲ್ ಹೇಗಾದೀತು? ಸಿದ್ರಾಮ ಸೊಲ್ಲಾಪುರದ ದೊಡ್ಡ ಥೇಟರಿನ ಹೆಸರು ಹಾಕಿರಿ ಎಂದ. ಅವರು ನೋಡಿದರೆ ಮನೆಗೇ ಬಂದು ಕೇಳುತ್ತಾರೆ ಎಂದು ನಾನು ಹೆದರಿದೆ. ಅಕ್ಕಲಕೋಟದ ಸಂತೆ ಮೈದಾನದ ಪಕ್ಕದಲ್ಲಿ ಒಂದು ಧರ್ಮಶಾಲೆ ಇದೆ. ಅಲ್ಲಿ ಒಮ್ಮೆ ಮದುವೆಯ ಊಟ ಉಂಡಿದ್ದೆ. ಅದು ಬೇರೆ ಸಂಸ್ಥಾನ, ಅಲ್ಲಿಗೆ ಹೋಗಿ ವಿಚಾರಿಸುವವರು ಯಾರು ಎಂದು ಅದನ್ನೇ ಬರೆದೆ. ಯುಗಾದಿಯ ಹಿಂದಿನ ಸಂತೆಯ ದಿನ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ. ಹೇಗೂ ಇಲ್ಲದ ನಾಟಕ, ಜಿಪುಣತನ ಯಾಕೆ ಎಂದು ಕೊನೆಗೆ ದಪ್ಪಗೆ ಸೇರಿಸಿದೆ: ಪ್ರವೇಶ ಮೋಫತ್!

ಪ್ರೆಸ್ಸಿನ ಗೆಳೆಯ ನಕ್ಕ. 'ಒಂದ ಪ್ರತಿ ಸಲುವಾಗಿ ಅಚ್ಚಿನ ಮೊಳಿ ಜೋಡಸ್ಲೇನ್ರಿ ಮಾಸ್ತರ?' ಎಂದು ಯಾರದೋ ಲಗ್ನಪತ್ರಿಕೆಯಿಂದ ಮಿಕ್ಕಿದ ಗುಲಾಬಿ ಕಾಗದದಲ್ಲಿ ಒಂದು ಕಟ್ಟನ್ನೇ ಹೊಡೆದುಕೊಟ್ಟ. ಒಂದು ಹಾಳೆ ಕನ್ನಡಿಯ ಮೇಲೆ ಹೋಯಿತು. ಉಳಿದವು ಅಡಿಗೆಮನೆಯ ಮಾಡದಲ್ಲಿ ಕೂತವು. ನಾನು ಮರೆತೆ.

ಈಗ ಕಾರ್ಡಿಗೆ ಬರೋಣ.

ನಾನು ಗಟ್ಟಿಯಾಗಿ ಓದಿದೆ. ಆಗಷ್ಟೇ ಪಾಳಿ ಮುಗಿಸಿ ಬಂದ ಸಿದ್ರಾಮ ಗೋಡೆ ಹಿಡಿದು ಕೂತ. ಕಾಶೀಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

'ಈ ಕಾಗದಾ ನಾಗಣಸೂರಿಗಿ ಹ್ಯಾಂಗ ಹೋತು?' ಎಂದೆ.

'ಅಪ್ಪಗ ಚಟ್ನಿ ಕಳಿಸಿದ್ನಲ್ರಿ, ಊರ ಗಾಡಿ ಬಂದಾಗ. ಅದಕ್ಕ ಸುತ್ತಿ ಹೋಗಿರಬೇಕು. ನಂಗೇನ್ ಓದಾಕ ಬರ್ತದೇನು?'

ಓದಲು ಬಾರದವರನ್ನು ಬೈಯುವುದು ಹೇಗೆ? ಸಿದ್ರಾಮ ಎದ್ದು ಹೋಗಿ ಪುಸ್ತಕ ತಂದ. ಆಗಿಯೇ ಬಿಟ್ಟರೆ ಮುಂದೇನು ಮಾಡಬೇಕು ಎಂದು ಹುಡುಕಿದ. ನಾಲ್ಕನೇ ಪಾಠ ಮುಗಿಯುವಲ್ಲಿಗೆ ಪುಸ್ತಕ ಹರಿದಿತ್ತು.

'ಐದನೇದ್ದು ಇಲ್ರಿ ಮಾಮಾ' ಎಂದ. ಅಳುವುದೊಂದು ಬಾಕಿ.

'ಮತ್ತೇನ್ ಮಾಡೂದು? ನಾಟಕಾ ಇಲ್ಲ ಅಂತ ಇವತ್ತ ಕಾರ್ಡ ಹಾಕೂಣು. ತಪ್ಪಾತು ಅನ್ನೂಣು, ಮುಗೀತು.'

ಅವನು ಹರಿದ ಪುಸ್ತಕ ಮುಚ್ಚಿಟ್ಟ. ಆಮೇಲೆ ಹೇಳಿದ: 'ಎರಡು ವರ್ಷ ಆತ್ರಿ, ಅಪ್ಪಾ ಊರಾಗ ನನ್ನ ಹೆಸರ ತಗದಿಲ್ಲ. ಈಗ ಐದ ಗಾಡಿ ಮಂದಿಗಿ ನನ್ನ ಮಗಾ ಅಂತ ಹೇಳ್ಯಾರ. ಎಲ್ಲಾ ಸುಳ್ಳು ಅಂತ ಬರದ್ರ ಅವ್ರು ಊರಾಗ ಹ್ಯಾಂಗ ಅಡ್ಡಾಡಬೇಕ್ರಿ? ಮೇಳಿ ಹಿಡಿಯಾಕರ ನಾ ಯಾವ ಮಾರಿ ಹೊತ್ತ ಹೋಗ್ಲಿ?'

ಕಾಶೀಬಾಯಿ ಮೊರ ಕೆಳಗಿಟ್ಟಳು. 'ಆ ಕಾಗದದಾಗ ನಾಟಕಾ ಬರದವ್ರ ಹೆಸರೂ ಅದಂತಲ್ರಿ?' ಎಂದಳು.

ಇತ್ತು. ದಪ್ಪ ಅಕ್ಷರದಲ್ಲಿ.

ಐದು ದಿನ ಇತ್ತು. ದಿನಾ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಕೂತು ಬರೆದೆ. ಬರೆದಷ್ಟನ್ನು ಸಿದ್ರಾಮ ಸಂಜೆ ಅಕ್ಕನ ಒಲೆಯ ಪಕ್ಕ ಕೂತು ಬಾಯಿಪಾಠ ಮಾಡಿದ. ಹತ್ತು ವರ್ಷದಲ್ಲಿ ಬರೆಯದ ನಾಟಕ ಐದು ದಿನದಲ್ಲಿ ಒಂದೂವರೆ ಅಂಕ ಬಂತು! ಧೈರ್ಯಕೇತು ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಕೊನೆಗೆ ರಾಜ್ಯವನ್ನೂ ಕೊಟ್ಟು, ಹೆಂಡತಿಯನ್ನು ತವರಿಗೆ ಕಳಿಸಿ, ತನ್ನದೇ ಪ್ರಜೆಗಳ ಬಾಗಿಲಲ್ಲಿ ಹಸಿದು ನಿಲ್ಲುತ್ತಾನೆ. ಅಲ್ಲಿಗೆ ನನ್ನ ಮಸಿ, ಬುದ್ಧಿ, ವೇಳೆ ಮೂರೂ ಮುಗಿದವು. ಬೇರೆ ನಟರು ಎಲ್ಲಿಂದ ಬರಬೇಕು? ರಾಜ, ಮಂತ್ರಿ, ರಾಣಿ ಎಲ್ಲವೂ ಸಿದ್ರಾಮನೇ. ಜರಿ ರುಮಾಲು ಸುತ್ತಿದರೆ ರಾಜ. ಕಂಬಳಿ ಹೊದ್ದರೆ ಮಂತ್ರಿ. ಅಕ್ಕನ ಸೀರೆಯ ಸೆರಗು ತಲೆಗೆ ಬಂದರೆ ರಾಣಿ.

ಆ ದಿನ ಅವನು ಮಿಲ್ಲಿಗೆ ರಜೆ ಹಾಕಿದ. ನಾನು ಮಾವನವರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಬೆಳಗಿನ ರೈಲು ಹಿಡಿದು, ಸ್ಟೇಷನ್ನಿನಿಂದ ಟಾಂಗಾ ಮಾಡಿಕೊಂಡು ಮೂವರೂ ಅಕ್ಕಲಕೋಟ ಸೇರಿದೆವು. ಧರ್ಮಶಾಲೆಯವನ ಕಾಲು ಹಿಡಿದಾದರೂ ಅಂಗಳ ಕೇಳಬೇಕೆಂದು ನಾನು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನೇ ಎದುರು ಬಂದ.

'ಏನ್ ಮಾಸ್ತರ, ಇಷ್ಟ ಹೊತ್ತ ಮಾಡೂದೇನ್ರಿ? ನಾಗಣಸೂರವ್ರು ಸುದ್ದಿ ಹಬ್ಬಿಸ್ಯಾರ, ನಿನ್ನಿ ಹಿಡದ ಮಂದಿ ಕೇಳಾಕತ್ತದ. ಅಂಗಳಾ ಕಸಾ ಹೊಡಿಸಿ ನೀರ ಹಾಕ್ಸೀನಿ.'

ಮೋಫತ್ ಎನ್ನುವ ಶಬ್ದದ ಶಕ್ತಿ ನನಗೆ ಆಗ ತಿಳಿಯಿತು. ಇಚ್ಛಾಶಕ್ತಿ ಅದರ ಮುಂದೆ ಏನೂ ಅಲ್ಲ.

ಎರಡು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಸುಗ್ಗಿ ಮುಗಿದಿತ್ತು, ಜನಕ್ಕೂ ಬಿಡುವು. ನಾಗಣಸೂರಿನ ಐದು ಗಾಡಿಗಳಲ್ಲದೆ ಸಂತೆಗೆ ಬಂದ ಅರ್ಧ ಜನ ಅಲ್ಲಿತ್ತು. ಮುಂದಿನ ಸಾಲಿನ ನಟ್ಟನಡುವೆ ಮಾವನವರು ಶುಭ್ರ ಧೋತರ ಉಟ್ಟು, ದೊಡ್ಡ ರುಮಾಲು ಸುತ್ತಿ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ರುಮಾಲಿನ ಮಡಿಕೆಯಿಂದ ಗುಲಾಬಿ ಕಾಗದ ತೆಗೆದು ಪಕ್ಕದವನಿಗೆ ತೋರಿಸಿದರು. ಮಡಚಿ ಒಳಗಿಟ್ಟರು. ಇನ್ನೊಬ್ಬ ಬಂದ, ಮತ್ತೆ ತೆಗೆದರು.

ಕಂಬದಿಂದ ಕಂಬಕ್ಕೆ ಮಿಲ್ಲಿನ ಎರಡು ಚಾದರ ಕಟ್ಟಿ ಪರದೆ ಮಾಡಿದ್ದೆವು. ಅದರ ಸಂದಿಯಿಂದ ಹೊರಗೆ ನೋಡಿದ ಸಿದ್ರಾಮ ಎರಡು ಹೆಜ್ಜೆ ಹಿಂದೆ ಸರಿದ.

'ಮಾಮಾ, ಕನ್ನಡಿಯೊಳಗ ಇಷ್ಟ ಮಂದಿ ಇರ್ಲಿಲ್ರಿ.'

'ಆಗೀನಿ ಅನ್ನು' ಎಂದೆ. ಅಂದು ಮೊದಲ ಸಲ ಚುಡಾಯಿಸಲು ಹೇಳಿದ್ದಲ್ಲ.

ಪರದೆ ಸರಿಸಿದೆ. ಅಂಗಳ ಪೂರ್ತಿ ಗಪ್ಪಾಯಿತು. ಧೈರ್ಯಕೇತು ಮೂರು ಹೆಜ್ಜೆ ಮುಂದೆ ಬಂದ, ಕೈ ಎತ್ತಿದ, ಬಾಯಿ ತೆರೆದ. ಮಾತು ಬರಲಿಲ್ಲ.

ನಾನು ಪರದೆಯ ಹಿಂದಿನಿಂದ ಮೊದಲ ಸಾಲು ಹೇಳಿಕೊಟ್ಟೆ. ನನ್ನದು ಸಾಲಿ ಮಾಸ್ತರನ ದನಿ, ಕೊನೆಯ ಸಾಲಿಗೂ ಕೇಳಿಸಿತು. ಯಾರೋ ನಕ್ಕರು. ಅವನು ನನ್ನ ಕಡೆ ನೋಡಿದ. ಆ ಕಣ್ಣಲ್ಲಿ ಏನೂ ಇರಲಿಲ್ಲ. ಮತ್ತೆ ಹೇಳಿದೆ. ಮತ್ತೆ ನಕ್ಕರು, ಈ ಸಲ ಹೆಚ್ಚು ಜನ. ಮಾವನವರು ನಗಲಿಲ್ಲ. ರುಮಾಲು ಸರಿಮಾಡಿಕೊಳ್ಳುವವರಂತೆ ಒಂದು ಕೈ ಮೇಲೆ ಹೋಯಿತು, ಅಲ್ಲೇ ನಿಂತಿತು. ಸತ್ಯ ಹೇಳುತ್ತೇನೆ, ಆಗ ನನಗೆ ಆ ಚಾದರವನ್ನೇ ಹೊದ್ದುಕೊಂಡು ಓಡಿಹೋಗೋಣ ಅನಿಸಿತು.

ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಂದು ಸದ್ದು ಬಂತು. ಪಟ್, ಪಟ್, ಪಟಪಟ, ಪಟ್.

ನೋಡಿದರೆ ಕಾಶೀಬಾಯಿ! ಎರಡೂ ಅಂಗೈಯಿಂದ ತನ್ನ ಮುಂದಿನ ಕಲ್ಲುಹಾಸು ಬಡಿಯುತ್ತಿದ್ದಾಳೆ. ಮುಂದೆ ಹಿಟ್ಟಿಲ್ಲ, ಹಿಟ್ಟು ನಾದುವ ಕೊಣಮಿಗೆ ಇಲ್ಲ. ಆದರೂ ಅದೇ ರೊಟ್ಟಿ ಬಡಿಯುವ ಸದ್ದು, ಎಡಕ್ಕೊಂದು ಬಲಕ್ಕೊಂದು, ದಿನಾ ನಮ್ಮ ಒಲೆಯ ಮುಂದೆ ಕೇಳುವಂಥದ್ದೇ. ಪಕ್ಕದ ಹೆಂಗಸರು ಮಿಕಿಮಿಕಿ ನೋಡಿದರು. ಇವಳು ಯಾರನ್ನೂ ನೋಡಲಿಲ್ಲ.

ನನಗೆ ಆಗ ಅರ್ಥವಾಯಿತು. ಈ ಹುಡುಗ ಎರಡು ವರ್ಷ ಮಾತು ಕಲಿತದ್ದು ಮಗ್ಗದ ಗದ್ದಲದಲ್ಲಿ, ರೊಟ್ಟಿಯ ಸದ್ದಿನಲ್ಲಿ. ತನ್ನ ದನಿಯನ್ನು ತಾನೇ ಒಂದು ದಿನವೂ ಸರಿಯಾಗಿ ಕೇಳಿರಲಿಲ್ಲ. ಅವನನ್ನು ಹೆದರಿಸಿದ್ದು ಜನ ಅಲ್ಲ, ಆ ಗಪ್ಪನೆಯ ಅಂಗಳ. ಇದು ನನಗೆ ಹೊಳೆದಿರಲಿಲ್ಲ, ಪುಸ್ತಕದಲ್ಲಿಯೂ ಇರಲಿಲ್ಲ, ಅವಳಿಗೆ ಗೊತ್ತಿತ್ತು.

ಸಿದ್ರಾಮನ ಹೆಗಲು ಕೆಳಗಿಳಿಯಿತು. ಉಸಿರು ತೆಗೆದುಕೊಂಡ. ಮಾತು ಬಂತು ನೋಡಿ! ಮೊದಲು ತಡವರಿಸುತ್ತ, ಆಮೇಲೆ ಸಲೀಸಾಗಿ, ಆಮೇಲೆ ಅಂಗಳದ ಆಚೆಯ ಸಂತೆಯೂ ತಿರುಗಿ ನೋಡುವಂತೆ. ನಾಗಣಸೂರಿನ ಹೆಂಗಸರೂ ಒಬ್ಬೊಬ್ಬರಾಗಿ ನೆಲ ಬಡಿಯತೊಡಗಿದರು. ಇದು ನಾಟಕದ್ದೇ ತಾಳ ಎಂದುಕೊಂಡರೋ ಏನೋ. ಅವನು ಮಂತ್ರಿಯಾದ, ಜನ ನಕ್ಕರು. ರಾಣಿಯಾಗಿ ಗಂಡನನ್ನು ಬಿಟ್ಟು ಹೊರಡುವಾಗ ತಿರುಗಿ ನೋಡಿದ, ಹೆಂಗಸರು ಬಡಿಯುವುದನ್ನೇ ಮರೆತರು. ಆಗ ಅವನಿಗೆ ಸದ್ದು ಬೇಕಾಗಲಿಲ್ಲ. ನಾನು ಒಮ್ಮೆ ಹೇಳಿಕೊಡಲು ಹೋದೆ. 'ಮಾಸ್ತರ, ಅವಗ ಬರ್ತದ. ನೀವು ಸುಮ್ಕ ಕೂಡ್ರಿ' ಎಂದು ಯಾರೋ ಗದರಿಸಿದರು.

ಕೊನೆಯ ದೃಶ್ಯ ಬಂತು. ರಾಜ್ಯ ಹೋಗಿದೆ, ರುಮಾಲು ಹೋಗಿದೆ. ಧೈರ್ಯಕೇತು ಬರಿದಲೆಯಲ್ಲಿ ಪ್ರಜೆಗಳ ಮುಂದೆ ಕೈಯೊಡ್ಡುತ್ತಾನೆ. 'ಈ ಊರಲ್ಲಿ ಒಂದು ತುತ್ತು ಕೊಡುವವರು ಯಾರೂ ಇಲ್ಲವೇ?' ನಾನು ಬರೆದದ್ದರ ಪ್ರಕಾರ ಯಾರೂ ಇಲ್ಲ. ಎರಡು ಸಲ ಕೇಳಿ, ತಲೆ ತಗ್ಗಿಸಿ ಹೊರಟುಹೋಗಬೇಕು.

ಒಂದು ಸಲ ಕೇಳಿದ. ಎರಡನೆಯ ಸಲ ಕೇಳಿದ. ಹೊರಡಲು ತಿರುಗಿದ.

ಮಾವನವರು ಎದ್ದರು.

ಪಕ್ಕದವರು ಧೋತರ ಹಿಡಿದು ಕೂರಿಸಲು ನೋಡಿದರು, ಕೊಡವಿಕೊಂಡರು. ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತೆಗೆದು, ಅದರ ಮೇಲೆ ಶೇಂಗಾ ಚಟ್ನಿ ಇಟ್ಟು, ನೆಟ್ಟಗೆ ಹೋಗಿ ರಾಜನ ಕೈಯಲ್ಲಿ ಇಟ್ಟರು. 'ತಗೋ' ಎಂದರು.

ಸಿದ್ರಾಮ ರೊಟ್ಟಿ ನೋಡಿದ, ಅಪ್ಪನನ್ನು ನೋಡಿದ. ಇಲ್ಲಿಗೆ ನಾಟಕ ಕೆಟ್ಟಿತು ಎಂದು ನಾನು ಪರದೆಗೆ ಕೈ ಹಾಕಿದೆ. ಆದರೆ ಅವನು ರಾಜನಾಗಿಯೇ ಉಳಿದ. ನನ್ನ ಪುಸ್ತಕದ ಕನ್ನಡವನ್ನಷ್ಟೇ ಬಿಟ್ಟ.

'ಇಡೀ ರಾಜ್ಯಾ ಕೊಟ್ಟೆ, ಒಬ್ಬರೂ ಹೊಳ್ಳಿ ನೋಡ್ಲಿಲ್ರಿ. ನೀವು ಯಾರ್ರಿ, ಹಿರೀರ?'

ಮಾವನವರು ನಾಟಕ ಆಡಿದವರಲ್ಲ. ಒಂದು ಕ್ಷಣ ಜನರ ಕಡೆ ತಿರುಗಿ ನೋಡಿದರು, ಎಲ್ಲರಿಗೂ ಕೇಳಿಸಲಿ ಎಂಬಂತೆ.

'ನಾ ಈ ರಾಜಾನ ಅಪ್ಪಾ.'

ಆಗ ಎದ್ದ ಗದ್ದಲವನ್ನು ನಾನು ಬರೆಯಲಾರೆ. ರುಮಾಲುಗಳು ಹಾರಿದವು. ಹೆಂಗಸರು ನಗುತ್ತಲೂ ಇದ್ದರು, ಅಳುತ್ತಲೂ ಇದ್ದರು. ಅದರ ನಡುವೆ ಧೈರ್ಯಕೇತು ನಿಂತು ರೊಟ್ಟಿ ತಿನ್ನುತ್ತಿದ್ದ. ಕಣ್ಣಿಂದ ಧಾರೆಧಾರೆ ನೀರು. ಎಂಥಾ ಆಕ್ಟಿಂಗ್ ಎಂದು ಹಿಂದೆ ಯಾರೋ ಲೊಚಗುಟ್ಟಿದರು. (ಅರ್ಧ ನೀರು ಅಪ್ಪನಿಗೆ, ಇನ್ನರ್ಧ ಚಟ್ನಿಗೆ. ಖಾರ ಬಿಟ್ಟು ಎರಡು ವರ್ಷವಾಗಿತ್ತಲ್ಲ!)

ಪರದೆ ಎಳೆದೆ. ಜನ ಏಳಲೊಲ್ಲರು. ಮುಂದೆ ಏನಾಯಿತು, ಹೇಳಿರಿ ಎಂದು ಕೂತರು. ಮುಂದೆ ಏನೂ ಆಗಿಲ್ಲ, ಬರೆದೇ ಇಲ್ಲ ಎಂದು ಹೇಗೆ ಹೇಳಲಿ? ಹೊತ್ತು ಇಳಿಯುತ್ತಿದೆ, ಗಾಡಿ ಹೂಡಬೇಕು, ಉಳಿದದ್ದು ಮುಂದಿನ ಸಂತೆಗೆ ಎಂದುಬಿಟ್ಟೆ. ಮಾವನವರು ನನ್ನ ಹತ್ತಿರ ಬಂದರು.

'ಅಳಿಯಾರ, ರಾಜಾಗ ರಾಜ್ಯಾ ಹೊಳ್ಳಿ ಸಿಗ್ತದೋ ಇಲ್ಲೋ?'

'ಮುಂದಿನ ಸಂತಿಗಿ ನೋಡ್ರಲ್ಲ.'

'ಅಲ್ಲಿ ತನಕಾ ಮಂದಿ ನನ್ನ ಕೇಳ್ತದಲ್ರಿ, ಏನ್ ಹೇಳ್ಲಿ?' ಎಂದು ಸಿಡುಕಿದರು. ಆಮೇಲೆ ಮಗನ ಕಡೆ ತಿರುಗಿದರು. 'ಯುಗಾದಿ ಬಂದ್ರ ಬರ್ಲಿ. ಮೇಳಿ ನಾ ಹಿಡೀತೀನಿ. ನೀ ಮದಲ ಆ ರಾಜ್ಯಾ ಹೊಳ್ಳಿ ತಗೋ.'

ಗಾಡಿ ಹತ್ತುವ ಮುಂಚೆ ಗುಲಾಬಿ ಕಾಗದವನ್ನು ನನ್ನ ಮುಂದೆ ಬಿಚ್ಚಿ, ಇದರಲ್ಲಿ ಸಿದ್ರಾಮ ಎನ್ನುವ ಅಕ್ಷರ ಯಾವುವು ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅದರ ಮೇಲೆ ತಾವೂ ಬೆರಳು ಆಡಿಸಿ, ಮತ್ತೆ ರುಮಾಲಿನಲ್ಲಿ ಇಟ್ಟುಕೊಂಡರು.

ಆಗ ನನಗೆ ಒಂದು ವಿಷಯ ಹೊಳೆಯಿತು. ಕಾಗದ ಪ್ರೆಸ್ಸಿನಿಂದ ಬಂದಷ್ಟೇ ಸ್ವಚ್ಛವಾಗಿತ್ತು. ಕಾಶೀಬಾಯಿಯ ಚಟ್ನಿ ಎಂದರೆ ಎಣ್ಣೆ ಸೋರುವ ಚಟ್ನಿ. ಇದರ ಮೇಲೆ ಎಣ್ಣೆಯ ಒಂದು ಚುಕ್ಕೆಯೂ ಇರಲಿಲ್ಲ!

ರೈಲಿನಲ್ಲಿ ಸಿದ್ರಾಮ ಕೂತಲ್ಲೇ ನಿದ್ದೆಹೋದ. ಕಾಶೀಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

'ಚಟ್ನಿ ಯಾವದರಾಗ ಕಟ್ಟಿ ಕಳಿಸಿದ್ದಿ?' ಎಂದೆ.

'ಎಲಿಯಾಗ' ಎಂದಳು, ತಿರುಗದೆ.

'ಮತ್ತ ಕಾಗದಾ?'

'ಅದನ್ನ ಬ್ಯಾರೆ ಮಡಚಿ ಕೊಟ್ಟಿದ್ದೆ. ಸಾಲಿ ಮಾಸ್ತರ ಕಡೆ ಓದಿಸ್ಕೋಬೇಕಂತ ಹೇಳಿ ಕಳಿಸಿದ್ದೆ.' ನಿದ್ದೆಹೋದ ತಮ್ಮನ ಕಡೆ ನೋಡಿ ಸೇರಿಸಿದಳು: 'ಎರಡು ವರ್ಷ ಕನ್ನಡಿಗಿ ತೋರ್ಸಾಕತ್ತಿದ್ದಾ. ಕನ್ನಡಿ ಏನ್ ನೋಡ್ತದ್ರಿ? ನೋಡಬೇಕಾದವ್ರು ನೋಡಬೇಕು.'

ಐದನೆಯ ಪಾಠ ನನ್ನ ಮನೆಯಲ್ಲೇ ಇತ್ತು. ಹತ್ತು ವರ್ಷದಿಂದ ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೇನೆ, ನನಗೇ ಗೊತ್ತಿರಲಿಲ್ಲ.

ನಿನ್ನೆ ಯುಗಾದಿ ಆಯಿತು. ಸಿದ್ರಾಮ ನಮ್ಮ ಮನೆಯಲ್ಲೇ ಇದ್ದಾನೆ, ಊಟಕ್ಕೆ ಚಟ್ನಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡ. ನಾಡಿದ್ದು ಸಂತೆ. ಧರ್ಮಶಾಲೆಯವನು ಅಂಗಳಕ್ಕೆ ಮತ್ತೆ ನೀರು ಹಾಕಿಸುತ್ತೇನೆಂದು ಹೇಳಿ ಕಳಿಸಿದ್ದಾನೆ. ಧೈರ್ಯಕೇತು ಮಾತ್ರ ಐದು ದಿನದಿಂದ ರೊಟ್ಟಿ ಕೈಯಲ್ಲಿ ಹಿಡಿದು ನಿಂತೇ ಇದ್ದಾನೆ. ನಾನು ಅವನನ್ನು ಅಲ್ಲೇ ಬಿಟ್ಟು ನಿಮಗೆ ಈ ಅಂಕಣ ಬರೆಯುತ್ತ ಕೂತಿದ್ದೇನೆ.

ಈಗಷ್ಟೇ ಕಾಶೀಬಾಯಿ ಚಹಾ ಇಟ್ಟು ಕಾಗದದ ಮೇಲೆ ಬಗ್ಗಿ ನೋಡಿದಳು.

'ರಾಜ್ಯಾ ಸಿಕ್ತೇನ್ರಿ ರಾಜಾಗ?'

'ಬರೀತೀನಿ, ಬರೀತೀನಿ. ಗಡಬಡ ಮಾಡಬ್ಯಾಡ.'

'ಬರೀತೀನಿ ಅನ್ನಬಾರ್ದ್ರಿ' ಎಂದಳು. 'ಬರದೀನಿ ಅನ್ರಿ.'

ಬರೆದಿದ್ದೇನೆ, ಓದುಗರೇ. ಕಾಗದವೊಂದು ಇನ್ನೂ ಖಾಲಿ ಇದೆ, ಅಷ್ಟೇ.